ಮುಖದ ಮೇಲಿನ ಕಲೆ

ನಮ್ಮ ನಾಡಸಿರಿ ಯುವಕರ ಸಂಘದಲ್ಲಿ ಯುವಕ ಎನ್ನಬಹುದಾದವನು ಮನೋಜ್ ಒಬ್ಬನೇ. ಉಳಿದವರಿಗೆಲ್ಲ ಶುಗರ್ ಇತ್ತು. ಬಿಟಿಎಂ ಲೇಔಟಿನ ನಮ್ಮ ರಸ್ತೆಯ ಕನ್ನಡವನ್ನೆಲ್ಲ ಈ ಸಂಘವೇ ಕಾಪಾಡುತ್ತಿತ್ತು. ಕಾಪಾಡುವ ಕೆಲಸ ಇರುತ್ತಿದ್ದುದು ನವೆಂಬರಿನಲ್ಲಿ ಮಾತ್ರ. ಮಿಕ್ಕ ಹನ್ನೊಂದು ತಿಂಗಳು ಕನ್ನಡ ತನ್ನ ಪಾಡಿಗೆ ತಾನು ಹೇಗೋ ಬದುಕಿಕೊಂಡಿರುತ್ತಿತ್ತು.

ಸಂಘದ ಅಧ್ಯಕ್ಷರು ಚಿಕ್ಕಬೈರಪ್ಪನವರು, ತಾವರೆಕೆರೆಯ ಹಳೇ ಊರಿನವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಅವರ ಮೂರು ಬಿಲ್ಡಿಂಗುಗಳು ಬೆಳೆದಿದ್ದವು. ಮನೋಜ್ ಅವರ ಮಗ, ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ನಾನು ವಿಮಲಾ, ಜಂಟಿ ಕಾರ್ಯದರ್ಶಿ. ನನ್ನ ಜೊತೆ ಜಂಟಿಯಾಗಿ ಯಾರೂ ಇರಲಿಲ್ಲ, ಬರೆಯುವ ಕೆಲಸ ಪೂರ್ತಿ ನನ್ನದೇ. ಕನ್ನಡ ಮಾತಾಡಿದರೆ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಶಾಲೆಯೊಂದರಲ್ಲಿ ನಾನು ಕನ್ನಡದ ಮಿಸ್ ಆಗಿದ್ದೆ. ಮನೋಜ್ ನನ್ನ ವಿದ್ಯಾರ್ಥಿಯೇ. ಕನ್ನಡದಲ್ಲಿ ಮೂವತ್ತೈದು ತೆಗೆದು ಪಾಸಾದ. ಅದರಲ್ಲಿ ಒಂಬತ್ತು ನಾನು ಕಣ್ಣು ಮುಚ್ಚಿಕೊಂಡು ಕೊಟ್ಟವು. ಆ ಒಂಬತ್ತು ಅಂಕಗಳು ಎರಡು ಸಾವಿರದ ಮೂರನೇ ಇಸವಿಯಲ್ಲಿ ಹಿಂತಿರುಗಿ ಬಂದು ನನ್ನ ಮಾನ ಕಳೆದವು.

ಆ ವರ್ಷ ಆಗಸ್ಟಿನಲ್ಲಿ ಸ್ಟೇಷನ್ನಿನವರು ಬಂದು, ಮನೆ ಮಾಲೀಕರೆಲ್ಲ ಬಾಡಿಗೆದಾರರ ವಿವರ ಬರೆದಿಟ್ಟುಕೊಳ್ಳಬೇಕು ಎಂದು ಹೇಳಿ ಹೋದರು. ಬೈರಪ್ಪನವರು ಆ ಕೆಲಸವನ್ನು ನನಗೆ ದಾಟಿಸಿದರು. ಹೆಸರು, ಊರು, ಉದ್ಯೋಗ, ರಕ್ತದ ಗುಂಪು, ಮೈಮೇಲಿನ ಗುರುತು ಎಂದು ಕಾಲಂ ಹಾಕಿ ಒಂದು ಫಾರಂ ಬರೆದು ಡಿಟಿಪಿ ಅಂಗಡಿಗೆ ಕೊಟ್ಟೆ. 'ಗುರುತು: ಕಲೆ, ಮಚ್ಚೆ ಇತ್ಯಾದಿ' ಅನ್ನುವುದು ಕಾಲಮ್ಮಿನಲ್ಲಿ ಹಿಡಿಸಲಿಲ್ಲವಂತೆ. ಅಂಗಡಿಯವನು ಅದನ್ನು ಕತ್ತರಿಸಿ 'ಕಲೆ' ಎಂದಷ್ಟೇ ಉಳಿಸಿದ್ದ.

"ಅರ್ಥ ಆಗುತ್ತಲ್ಲ ಮೇಡಂ, ಸಾಕು ಬಿಡಿ" ಅಂದ. ನಾನೂ ಸಾಕು ಅಂದೆ.

ಯಾರಿಗೆ ಏನು ಅರ್ಥವಾಯಿತು ಅನ್ನುವುದು ಫಾರಂ ತುಂಬಿ ಬಂದ ಮೇಲೆ ತಿಳಿಯಿತು. ಬೈರಪ್ಪನವರ ಒಂದು ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿದ್ದ ಸಿಂಧನೂರು ಕಡೆಯ ಮೌನೇಶ ಎಂಬ ಹುಡುಗ ಕಲೆಯ ಮುಂದೆ 'ಶಟಲ್ ಆಡುತ್ತೇನೆ' ಎಂದು ಬರೆದಿದ್ದ. ಅವನ ರೂಮಿನವನು 'ಸದ್ಯಕ್ಕೆ ಇಲ್ಲ' ಎಂದಿದ್ದ. ನಾನು ನಕ್ಕು ಸುಮ್ಮನಾದೆ. ನಗು ಬಂದಾಗಲೇ ತಿದ್ದಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅದೇ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನ ಹಿಂದಿನ ಭಾಗದಲ್ಲಿ ಗುರುಸಿದ್ದ, ತಂಗೆವ್ವ ಎಂಬ ದಂಪತಿ ಇದ್ದರು. ಬಾಗಲಕೋಟೆ ಕಡೆಯವರು. ಅವನು ಹೊಸೂರು ರಸ್ತೆಯ ಒಂದು ಆಫೀಸಿನಲ್ಲಿ ಸೆಕ್ಯೂರಿಟಿ. ಅವಳು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಸುತ್ತಲಿನ ಬ್ಯಾಚುಲರ್ ಹುಡುಗರಿಗೆ ಮಾರುತ್ತಿದ್ದಳು. ಅವಳ ರೊಟ್ಟಿ ನಮ್ಮ ರಸ್ತೆಗೆಲ್ಲ ಗೊತ್ತು, ಅವಳ ಮುಖ ಮಾತ್ರ ಯಾರಿಗೂ ಗೊತ್ತಿಲ್ಲ. ಸೆರಗನ್ನು ತಲೆಯ ಮೇಲಿಂದ ಎಳೆದು, ಎಡಗೆನ್ನೆ ಮುಚ್ಚುವಂತೆ ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಇರುತ್ತಿದ್ದಳು. ಹಾಲಿನ ಬೂತಿಗೆ ಬಂದರೂ ಹಾಗೇ, ನಲ್ಲಿ ನೀರಿಗೆ ನಿಂತರೂ ಹಾಗೇ.

ಅವಳಿಗೆ ಓದು ಬರಹ ಬಾರದು, ಹಾಗಾಗಿ ಫಾರಂ ನಾನೇ ತುಂಬಿದೆ. ಗುರುಸಿದ್ದ ಪಕ್ಕದಲ್ಲೇ ಕುಳಿತು ಎಲ್ಲದಕ್ಕೂ ತಾನೇ ಉತ್ತರ ಕೊಡುತ್ತಿದ್ದ. ಹೆಂಡತಿಯ ಹೆಸರನ್ನೂ ಅವನೇ ಹೇಳಿದ. ಕೊನೆಯ ಕಾಲಮ್ಮಿಗೆ ಬಂದಾಗ ನಾನು ಬೇಕಂತಲೇ ಅವಳ ಕಡೆ ತಿರುಗಿದೆ.

"ಮೈಮೇಲೆ ಕಲೆ ಏನಾದ್ರೂ ಇದ್ಯಾ ತಂಗೆವ್ವ?"

ಅವಳು ಸೆರಗಿನ ತುದಿಯನ್ನು ಬಾಯಿಂದ ಬಿಟ್ಟಳು. ಕಿವಿಯ ಬುಡದಿಂದ ತುಟಿಯ ಕೊನೆಯವರೆಗೆ ಒಂದು ಬೆರಳಗಲದ ಗೆರೆ, ಕಪ್ಪಾಗಿ, ಹೊಳೆಯುತ್ತ, ಚರ್ಮವನ್ನು ಒಂದು ಕಡೆಗೆ ಜಗ್ಗಿಕೊಂಡು ನಿಂತಿತ್ತು.

"ಬರಿ" ಅಂದಳು.

"ಬರೀತೀನಮ್ಮ, ಏನಂತ ಬರೀಲಿ?" ಅಂದೆ.

ಅವಳು ನನ್ನನ್ನೇ ನೋಡಿದಳು. ಗುರುಸಿದ್ದ ನಡುವೆ ಬಾಯಿ ಹಾಕಿದ. "ಕಲಿ ಅಂತ ಬರಕೋರಿ ಅಕ್ಕೋರ. ಮುಖದ ಮ್ಯಾಲ ಕಲಿ. ಹನ್ನೊಂದು ವರ್ಷದ ಹಿಂದ ಕಣ್ಣಿಗಿ ಕತ್ತಲಿ ಬಂದು ಒಲಿ ಮ್ಯಾಲ ಬಿದ್ದಿದ್ಲು."

ನಾನು 'ಮುಖದ ಮೇಲೆ' ಎಂದು ಬರೆದುಕೊಂಡೆ. ಅಡ್ಡಡ್ಡ ಬಿದ್ದವಳ ಕೆನ್ನೆಗೆ ಒಲೆಯೊಂದು ಸ್ಕೇಲಿಟ್ಟು ಎಳೆದಂಥ ನೇರ ಗೆರೆ ಎಳೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅನುಮಾನ ಬಂತು, ಇಲ್ಲವೆನ್ನಲಾರೆ. ಆದರೆ ಗಂಡ ಹೆಂಡತಿ ವಿಷಯ ನಮಗ್ಯಾಕೆ ಅನ್ನುವ ದೊಡ್ಡ ಮಾತೊಂದನ್ನು ನಮ್ಮಂಥ ಓದಿದವರು ಸದಾ ಬ್ಯಾಗಿನಲ್ಲಿ ಇಟ್ಟುಕೊಂಡೇ ತಿರುಗುತ್ತೇವೆ. ಅದನ್ನು ತೆಗೆದು ಮನಸ್ಸಿಗೆ ತೋರಿಸಿ, ಕಾಫಿ ಬೇಡ ಅಂದು ಎದ್ದು ಬಂದೆ.

ಅಕ್ಟೋಬರ್ ಬಂತು. ರಾಜ್ಯೋತ್ಸವಕ್ಕೆ ಸಿನಿಮಾ ಕಲಾವಿದರನ್ನು ಕರೆಸುವ ಯೋಗ್ಯತೆ ಸಂಘಕ್ಕಿರಲಿಲ್ಲ. ನಮ್ಮ ರಸ್ತೆಯ ಕಲಾವಿದರನ್ನೇ ಸನ್ಮಾನಿಸುವುದು ಎಂದು ಮನೋಜ್ ಮೀಟಿಂಗಿನಲ್ಲಿ ಹೇಳಿದಾಗ ಎಲ್ಲರೂ ಮೆಚ್ಚಿಕೊಂಡರು. ಆ ಮೀಟಿಂಗಿಗೆ ನನಗೆ ಹೋಗಲಾಗಲಿಲ್ಲ, ಪರೀಕ್ಷೆ ಪೇಪರುಗಳಿದ್ದವು. ಕಲಾವಿದರನ್ನು ಎಲ್ಲಿ ಹುಡುಕುವುದು ಎಂದು ಅವನು ತಲೆ ಕೆಡಿಸಿಕೊಳ್ಳಲೂ ಇಲ್ಲ. ಬೀರುವಿನಲ್ಲಿ ಬಾಡಿಗೆದಾರರ ಫಾರಂಗಳಿದ್ದವು, ಅವುಗಳಲ್ಲಿ 'ಕಲೆ' ಎಂಬ ಕಾಲಂ ಇತ್ತು.

ಮೂರು ವಾರದ ನಂತರ ರಸ್ತೆಯ ತಿರುವಿನಲ್ಲಿ ಫ್ಲೆಕ್ಸ್ ಎದ್ದಿತು. ಹಳದಿ ಕೆಂಪು ಬಣ್ಣ, ಮೇಲೆ ಭುವನೇಶ್ವರಿ, ಅವಳಿಗಿಂತ ದೊಡ್ಡದಾಗಿ ಬೈರಪ್ಪನವರು. ಕೆಳಗೆ ದಪ್ಪ ಅಕ್ಷರದಲ್ಲಿ: 'ಉತ್ತರ ಕರ್ನಾಟಕದ ಹೆಮ್ಮೆಯ ಮುಖವರ್ಣಿಕೆ ಕಲಾವಿದೆ ಶ್ರೀಮತಿ ತಂಗೆವ್ವ ಅವರಿಗೆ ಅದ್ದೂರಿ ಸನ್ಮಾನ.' ನಾನು ಸ್ಕೂಟಿ ನಿಲ್ಲಿಸಿ ಎರಡು ಸಲ ಓದಿದೆ. ಮೂರನೇ ಸಲ ಓದುವ ಬದಲು ಸ್ಕೂಟಿ ತಿರುಗಿಸಿ ಮನೋಜನನ್ನು ಹುಡುಕಿಕೊಂಡು ಹೋದೆ.

ಮನೋಜ್ ತಂದೆಯ ಕಚೇರಿಯಲ್ಲಿ ಕೇರಂ ಆಡುತ್ತಿದ್ದ.

"ತಂಗೆವ್ವ ಕಲಾವಿದೆ ಅಂತ ನಿಂಗ್ಯಾರೋ ಹೇಳಿದ್ದು?"

"ನೀವೇ ಬರ್ದಿದೀರಲ್ಲ ಮಿಸ್! ಕಲೆ, ಮುಖದ ಮೇಲೆ. ನಂಗೂ ಫಸ್ಟ್ ಅರ್ಥ ಆಗ್ಲಿಲ್ಲ. ಫ್ಲೆಕ್ಸ್ ಅಂಗ್ಡಿ ಸೀನು ಹತ್ರ ಕೇಳ್ದೆ, ಮುಖದ್ ಮೇಲೆ ಮಾಡೋ ಆರ್ಟ್‌ಗೆ ಏನಂತಾರೆ ಗುರು ಅಂತ. ಅವ್ನು ನಾಟಕದ್ ಪಾರ್ಟಿ. ನಾಟಕಕ್ಕೆ ಬಣ್ಣ ಹಚ್ಚೋದು, ಮುಖವರ್ಣಿಕೆ ಅಂದ. ಸಖತ್ತಾಗಿದೆ ಅಲ್ವಾ ವರ್ಡು?"

"ಲೋ, ಅದು ಗಾಯದ ಕಲೆ ಕಣೋ!"

"ಗಾಯದ್ದು ಆರ್ಟಾ?"

"ಆರ್ಟಲ್ಲ. ಗಾಯ ಮಾಯಿದ ಮೇಲೆ ಉಳಿಯುತ್ತಲ್ಲ, ಚರ್ಮದ ಮೇಲೆ, ಸಾಯೋ ತನಕ. ಅದಕ್ಕೆ ಕನ್ನಡದಲ್ಲಿ ಏನಂತಾರೆ?"

ಮನೋಜ್ ಪ್ರಾಮಾಣಿಕವಾಗಿ ಯೋಚಿಸಿದ. "ಸ್ಕಾರ್ ಅಂತಾರೆ ಮಿಸ್."

ಇವನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಒಂಬತ್ತು ಅಂಕ ನೆನಪಾದವು. ಇವನ ಕನ್ನಡದಲ್ಲಿ ಗಾಯದ ಗುರುತು ಸ್ಕಾರ್ ಆಗಿತ್ತು, ಬಟ್ಟೆಯ ಮೇಲಿನ ಚಹಾ ಸ್ಟೇನ್ ಆಗಿತ್ತು. ಕಲೆ ಅನ್ನುವ ಪದ ಸರ್ಕಾರಿ ಇಲಾಖೆಯ ಬೋರ್ಡಿನಲ್ಲಿ ಮಾತ್ರ ಉಳಿದಿತ್ತು.

ಬೈರಪ್ಪನವರ ಹತ್ತಿರ ಹೋದೆ. ಅವರಿಗೆ ಅರ್ಥವಾಯಿತು, ಹಳೇ ಕಾಲದವರಲ್ಲವೇ. ಅರ್ಥವಾದ ಮೇಲೆ ಇನ್ನಷ್ಟು ಕಷ್ಟವಾಯಿತು.

"ಐನೂರು ಕಾರ್ಡು ಹಂಚಾಗದೆ ಮೇಡಮ್ಮೋರೆ. ವಾರ್ಡ್ ಲೀಡ್ರಿಗೂ ಹೇಳಾಯ್ತು. ಈಗ ಕ್ಯಾನ್ಸಲ್ ಅಂದ್ರೆ ನನ್ ಮಕಕ್ಕೆ ಏನಾಗ್ಬೇಕು? ಶಾಲು ಹಾಕ್ತೀವಿ, ಹಣ್ಣು ಕೊಡ್ತೀವಿ, ಎರಡ್ ನಿಮ್ಷದ ಕೆಲ್ಸ. ಆಯಮ್ಮಂಗೂ ಒಂದು ಶಾಲಾಯ್ತು ಬಿಡಿ."

ಅವರ ಮುಖದ ಚಿಂತೆ ಅವರಿಗೆ. ನನಗೆ ಚಿಂತೆಯಾದದ್ದು ಹನ್ನೊಂದು ವರ್ಷದಿಂದ ಮುಚ್ಚಿಟ್ಟುಕೊಂಡ ಇನ್ನೊಂದು ಮುಖದ್ದು. ಅದನ್ನು ನಾನು ಬರೆದ ಎರಡು ಪದದಿಂದ ಇಡೀ ರಸ್ತೆಯ ಎದುರು, ಮೈಕ್ ಸೆಟ್ಟಿನ ಸಮೇತ, ಸ್ಟೇಜಿಗೆ ಹತ್ತಿಸಲಾಗುತ್ತಿತ್ತು. ಮುಖವರ್ಣಿಕೆ ಕಲಾವಿದೆಯ ಮುಖ ನೋಡಿ ಹುಡುಗರು ನಗುತ್ತಾರೆ. ನಗದೆ ಇರುವಷ್ಟು ಒಳ್ಳೆಯವರು ನಮ್ಮ ರಸ್ತೆಯಲ್ಲಿ ಯಾರೂ ನನಗೆ ನೆನಪಾಗಲಿಲ್ಲ.

ಗುರುಸಿದ್ದ ಡ್ಯೂಟಿಗೆ ಹೋದ ಹೊತ್ತು ನೋಡಿಕೊಂಡು ತಂಗೆವ್ವನ ಮನೆಗೆ ಹೋದೆ. ಹಂಚಿನ ಮುಂದೆ ಕುಳಿತಿದ್ದಳು. ಸೆರಗು ಹೆಗಲ ಮೇಲಿತ್ತು. ನನ್ನನ್ನು ನೋಡಿ ಎಳೆದುಕೊಳ್ಳಲು ಹೋಗಿ, ಕೈಯೆಲ್ಲ ಹಿಟ್ಟೆಂದು ಹಾಗೇ ಬಿಟ್ಟಳು.

"ತಪ್ಪಾಗೋಗಿದೆ ತಂಗೆವ್ವ" ಎಂದು ಎಲ್ಲ ಹೇಳಿದೆ. "ಭಾನುವಾರ ನೀನು ಬರಲೇಬೇಡ. ಊರಿಗೆ ಹೋಗಿದಾಳೆ ಅಂತ ನಾನು ಹೇಳ್ಕೋತೀನಿ."

"ನಮ್ಮ ಮನಿಯವ್ರು ಹೋಗ್ಬೇಕು ಅಂತಾರ್ರಿ. ಮಾಲಕರು ಕರದಾರ, ಒಲ್ಲೆ ಅಂದ್ರ ಮನಿ ಬಿಡಸ್ತಾರ ಅಂತ. ಅವ್ರಿಗೂ ಒಂದು ಹೊಸಾ ಅಂಗಿ ಹೊಲಿಸ್ಯಾರ. ಸುಮ್ಮ ಶಾಲು ಹಾಕಿಸ್ಕೊಂಡು ಇಳಿ, ಬಾಯಿ ಬಿಡಬ್ಯಾಡ ಅಂದಾರ." ರೊಟ್ಟಿ ತಿರುವಿ ಹಾಕಿದಳು. "ಅವತ್ತ ನಾ ನಿಮಗ ಖರೇನ ಹೇಳಿದ್ನಿ ಅಕ್ಕೋರ."

"ಏನು ಹೇಳಿದ್ದೆ?"

"ಬರಿ ಅಂದೆ. ನೀವು ಪೆನ್ನು ಹಿಡದ್ರಿ."

ಆಗ ಹೊಳೆಯಿತು. ಬರಿ. ನಮ್ಮ ಕಡೆಯ ಬರೆ. ಕಾದ ಕಬ್ಬಿಣ ಇಟ್ಟು ಹಾಕುವ ಬರೆ. ಕಲೆ ತಾನಾಗಿಯೂ ಆಗುತ್ತದೆ, ಬಿದ್ದರೂ ಆಗುತ್ತದೆ, ಸಿಡುಬಿನಿಂದಲೂ ಆಗುತ್ತದೆ, ಅದಕ್ಕೆ ಯಾರೂ ಹೊಣೆಯಲ್ಲ. ಬರೆ ತಾನಾಗಿ ಆಗುವುದಿಲ್ಲ. ಅದನ್ನು ಒಬ್ಬರು ಹಾಕಬೇಕು. ಅಕ್ಷರ ಬಾರದ ಹೆಂಗಸು ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡೇ, ಒಂದೇ ಪದದಲ್ಲಿ ಪೂರ್ತಿ ದೂರು ಕೊಟ್ಟಿದ್ದಳು. ಕನ್ನಡ ಎಂ.ಎ. ಮಾಡಿದ ನಾನು ಅದನ್ನು ಕ್ರಿಯಾಪದ ಎಂದುಕೊಂಡೆ. ಆಮೇಲೆ ಗಂಡ ಹೇಳಿಕೊಟ್ಟ ಪದವನ್ನು ದುಂಡಗೆ ಬರೆದುಕೊಂಡು ಬಂದೆ. ನಾಚಿಕೆಯಾಯಿತು. ಅವಳ ಎದುರು ಅತ್ತುಬಿಟ್ಟೆ. ಅವಳು ಅಳಲಿಲ್ಲ, ನನಗೆ ನೀರು ಕೊಟ್ಟಳು.

"ಸ್ಟೇಜಿನ ಮ್ಯಾಲ ಮೈಕ್ ಕೊಡ್ತಾರೇನ್ರಿ?" ಎಂದು ಕೇಳಿದಳು.

"ಕೊಡ್ತಾರೆ. ಎರಡು ಮಾತಾಡಿ ಅಂತಾರೆ. ಯಾಕೆ?"

"ಏನಿಲ್ರಿ. ಕೇಳ್ದೆ."

ಆ ಭಾನುವಾರ ಸಂಜೆ ಟಿವಿಯಲ್ಲಿ ಕ್ರಿಕೆಟ್ ಇದ್ದುದರಿಂದ ರಾಜ್ಯೋತ್ಸವವನ್ನು ಬೆಳಿಗ್ಗೆಗೇ ಹಾಕಿಕೊಂಡಿದ್ದರು. ಹತ್ತೂವರೆಯ ಕಾರ್ಯಕ್ರಮ ಹನ್ನೆರಡಕ್ಕೆ ಸರಿಯಾಗಿ ಶುರುವಾಯಿತು. ರಸ್ತೆಗೆ ಅಡ್ಡಲಾಗಿ ಶಾಮಿಯಾನ, ಸ್ಟೇಜಿನ ಮೇಲೆ ಬೈರಪ್ಪನವರು, ಅವರ ಪಕ್ಕ ವಾರ್ಡಿನ ಲೀಡರು, ಲೀಡರ ಕಿವಿಯಲ್ಲಿ ಮೊಬೈಲು. ನನ್ನದು ತುದಿಯ ಕುರ್ಚಿ. ಕೆಳಗೆ ಮೊದಲ ಸಾಲಿನಲ್ಲಿ ಗುರುಸಿದ್ದ ಹೊಸ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ, ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಹೆಂಗಸರ ಸಾಲಿನ ಮೊದಲಿಗೆ ಬೈರಪ್ಪನವರ ಹೆಂಡತಿ ನಾರಾಯಣಮ್ಮನವರು. ಅವರು ಬಾಯಿ ಬಿಟ್ಟು ಮಾತಾಡಿದ್ದನ್ನು ಹದಿನೈದು ವರ್ಷದಲ್ಲಿ ನಾನು ಕೇಳಿರಲಿಲ್ಲ.

ನಿರೂಪಣೆ ಮನೋಜನದು. ಚೀಟಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕನ್ನಡದ ಉಳಿವಿನ ಬಗ್ಗೆ ಓದಿದ. ಆಮೇಲೆ ತಂಗೆವ್ವನನ್ನು ಕರೆದ.

ಅವಳು ಸೆರಗು ಕಚ್ಚಿಕೊಂಡೇ ಮೆಟ್ಟಿಲು ಹತ್ತಿದಳು. ಕುರ್ಚಿಯಲ್ಲಿ ಕೂರಿಸಿದರು. ಲೀಡರು ಒಂದು ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಶಾಲು ಎತ್ತಿದರು. ಅಷ್ಟರಲ್ಲಿ ಅವಳು ಎದ್ದು ನಿಂತು, ಸೆರಗು ತೆಗೆದು ಹೆಗಲ ಮೇಲೆ ಹಾಕಿಕೊಂಡಳು. ಮಧ್ಯಾಹ್ನದ ಬೆಳಕು ಕೆನ್ನೆಯ ಮೇಲೆ ಬಿತ್ತು. ಜನರಲ್ಲಿ ಗುಸುಗುಸು ಎದ್ದಿತು. ಹಿಂದಿನ ಸಾಲಿನ ಹುಡುಗರು, ನಾನು ಹೆದರಿದ ಹಾಗೇ, ಕಿಸಕ್ಕೆಂದರು.

ತಂಗೆವ್ವ ಮೈಕಿನ ಹತ್ತಿರ ಬಂದಳು. "ಈ ಶಾಲು ನನಗ ಬ್ಯಾಡ್ರಿ. ನನ್ನ ಮುಖದ ಮ್ಯಾಲ ಕಲಿ ಐತಿ ಖರೇ, ಆದ್ರ ಮಾಡಿದಾಕಿ ನಾ ಅಲ್ಲ. ಮಾಡಿದವ್ರು ನಮ್ಮ ಮನಿಯವ್ರು. ಅಲ್ಲಿ ಮುಂದ ಕುಂತಾರ ನೋಡ್ರಿ. ಶಾಲು ಅವ್ರಿಗೆ ಹಾಕ್ರಿ."

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಈಗ ಶಾಮಿಯಾನ ಕಿತ್ತುಕೊಂಡು ಬೀಳುತ್ತದೆ ಅಂದುಕೊಂಡೆ. ಚಪ್ಪಾಳೆ ಬಿತ್ತು.

ಹೌದು, ಚಪ್ಪಾಳೆ. ನಮ್ಮ ಸಂಘದ ಸಭೆಗಳಲ್ಲಿ ಮೈಕಿನಲ್ಲಿ ಏನು ಹೇಳಿದರೂ ಚಪ್ಪಾಳೆ ಬೀಳುತ್ತದೆ. ಲೀಡರು ಮೊಬೈಲ್ ಜೇಬಿಗೆ ಹಾಕಿ, "ಇದು ನೋಡಿ ನಮ್ಮ ಕನ್ನಡದ ಹೆಣ್ಣುಮಗಳ ಸಂಸ್ಕೃತಿ! ಸನ್ಮಾನಾನೂ ಗಂಡನಿಗೇ ಅರ್ಪಿಸ್ತಾಳೆ" ಎಂದು ಕಣ್ಣು ಒದ್ದೆ ಮಾಡಿಕೊಂಡರು. ಮನೋಜ್ ಓಡಿಹೋಗಿ ಗುರುಸಿದ್ದನ ಕೈ ಹಿಡಿದು ಎಳೆದು ತಂದ. ಅವನು ಒಲ್ಲೆ ಒಲ್ಲೆ ಅಂದ. ಅದನ್ನೂ ಜನ ವಿನಯ ಅಂದುಕೊಂಡರು. ಶಾಲು ಹೊದೆಸಿದರು. ಗಂಧದ ಹಾರ ಹಾಕಿದರು. ತಲೆಗೆ ಮೈಸೂರು ಪೇಟ ಇಟ್ಟರು. ಪೇಟ ಸ್ವಲ್ಪ ದೊಡ್ಡದಾಗಿ ಕಿವಿಯವರೆಗೆ ಇಳಿಯಿತು. ಫೋಟೋದವನು ಇನ್ನೂ ಸ್ವಲ್ಪ ನಗಿ ಸಾರ್ ಅಂದ.

"ಸಾರ್, ಪ್ಲೀಸ್, ಈ ಕಲೆ ಹೇಗೆ ಮಾಡ್ತೀರಾ ಅಂತ ನಮ್ ಯೂತ್ಸ್‌ಗೆ ಸ್ವಲ್ಪ ಹೇಳ್ಕೊಡಿ" ಎಂದು ಮನೋಜ್ ಮೈಕನ್ನು ಅವನ ಬಾಯಿಗೆ ಹಿಡಿದ.

ಗುರುಸಿದ್ದ ಮೈಕಿನಿಂದ ಮುಖ ತಿರುಗಿಸಿದ. ಎಲ್ಲದಕ್ಕೂ ತಾನೇ ಉತ್ತರ ಕೊಡುವ ಮನುಷ್ಯ ಪೇಟದ ಕೆಳಗೆ ಬೆವರುತ್ತಿದ್ದ.

ತಂಗೆವ್ವ ಮೈಕ್ ತೆಗೆದುಕೊಂಡಳು. "ಅವ್ರಿಗೆ ಹೇಳಾಕ ಬರೂದಿಲ್ರಿ, ಮಾಡಾಕ ಅಷ್ಟ ಬರತೈತಿ. ನಾ ಹೇಳ್ತೀನಿ. ಮೊದಲ ಕಬ್ಬಿಣದ ಸೌಟು ಒಲಿಯಾಗ ಇಡಬೇಕು. ಕೆಂಪ ಆಗೂತನಕ ತಡೀಬೇಕ್ರಿ, ಅವಸರ ಮಾಡಬಾರದು. ಅಷ್ಟರಾಗ ಹೆಂಡ್ತಿ ಓಡಿ ಹೋಗದಂಗ ಬಾಗಲಾ ಹಾಕಬೇಕು. ಆಮ್ಯಾಲ ಕೂದಲಾ ಹಿಡದು ಆಕಿ ತಲಿ ಗ್ವಾಡಿಗಿ ಒತ್ತಿ, ಇಲ್ಲಿಂದ ಇಲ್ಲೀತನಕ ಎಳೀಬೇಕ್ರಿ." ಬೆರಳಿನಿಂದ ಕೆನ್ನೆಯ ಮೇಲೆ ಎಳೆದು ತೋರಿಸಿದಳು. "ನಡುವ ಆಕಿ ಅಳ್ಳಾಡಿದ್ರ ಗೆರಿ ಸೊಟ್ಟ ಆಕ್ಕೈತಿ. ನಾ ಅಳ್ಳಾಡಲಿಲ್ಲ. ಹೊಟ್ಟ್ಯಾಗ ಐದ್ ತಿಂಗಳಿಂದು ಇತ್ತು. ಅದು ಉಳೀಲಿ ಅಂತ ಸುಮ್ಮ ನಿಂತ್ನಿ. ಅದೂ ಉಳೀಲಿಲ್ಲ. ರೊಟ್ಟಿ ಕರಕಾಗಿದ್ವು ಅಂತ ಇಷ್ಟ ಮಾಡಿದ್ರು. ಹನ್ನೊಂದು ವರ್ಷ ಒಲಿ ಮ್ಯಾಲ ಬಿದ್ನಿ ಅಂತ ಹೇಳ್ಕೋತ ಬಂದೀನಿ. ಒಲಿ ಪಾಪದ್ದು, ಅದರ ಹೆಸರು ಇನ್ನ ಹೇಳೂದಿಲ್ಲ. ನಾ ಇವತ್ತಿನಿಂದ ಇವರ ಕೂಡ ಇರಾಂಗಿಲ್ರಿ. ನನ್ನ ರೊಟ್ಟಿ ನನ್ನ ಸಾಕತಾವ."

ಮೈಕನ್ನು ಮನೋಜನ ಕೈಗೆ ಕೊಟ್ಟು, ಹಣ್ಣಿನ ಬುಟ್ಟಿ ಮಾತ್ರ ಎತ್ತಿಕೊಂಡು ಮೆಟ್ಟಿಲಿಳಿದಳು. ಎಲ್ಲಿ ಕೂರುವುದೆಂದು ಒಂದು ಕ್ಷಣ ನಿಂತಳು. ನಾರಾಯಣಮ್ಮನವರು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಹಿಂದಿನ ಸಾಲಿನ ಹುಡುಗರು ನೆಲ ನೋಡುತ್ತಿದ್ದರು.

ಲೀಡರು ಮತ್ತೆ ಮೊಬೈಲ್ ಕಿವಿಗಿಟ್ಟುಕೊಂಡರು, ಯಾರೂ ಕರೆ ಮಾಡಿರಲಿಲ್ಲ. ಈಗ ಸಂಘದ ಮಾನ ಉಳಿಸುವ ಭಾರ ಅಧ್ಯಕ್ಷರ ಮೇಲೆ ಬಿತ್ತು. ಬೈರಪ್ಪನವರು ಇಂಥ ಭಾರವನ್ನು ಖುಷಿಯಿಂದಲೇ ಹೊರುವವರು. ಎದ್ದು ಮೈಕ್ ಕಿತ್ತುಕೊಂಡರು.

"ಥೂ ನಿನ್ನ! ಕಟ್ಕೊಂಡ್ ಹೆಂಡ್ತಿ ಮೇಲೆ ಕೈ ಮಾಡೋನು ಗಂಡ್ಸೇನಯ್ಯಾ ನೀನು? ನಮ್ ತಾವರೆಕೆರೆ ಸೀಮೆನಾಗೆ ಇಂಥದ್ದು ಕಂಡಿಲ್ಲ, ಕೇಳಿಲ್ಲ! ಹೆಣ್ಮಕ್ಳು ಅಂದ್ರೆ ನಾವು ದೇವ್ರು ಅಂತೀವಿ. ಎಲ್ಲಿಂದ್ಲೋ ಬಂದ್ಬಿಟ್ಟು ನಮ್ ಊರ್ ಹೆಸ್ರು ಕೆಡಿಸ್ತೀಯಾ? ತೆಗಿ ಅದ್ನ!" ಎಂದು ಗುರುಸಿದ್ದನ ತಲೆಯ ಮೇಲಿನ ಪೇಟವನ್ನು ಕಿತ್ತು ಕೈಯಲ್ಲಿ ಹಿಡಿದರು. ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಲು ಕೈ ಎತ್ತಿದರು.

ಹೆಂಗಸರ ಸಾಲಿನಿಂದ ಒಂದು ದನಿ ಬಂತು. ಜೋರಾಗೇನೂ ಇರಲಿಲ್ಲ. ನಾರಾಯಣಮ್ಮನವರು ಕೂತಲ್ಲಿಂದಲೇ, ತಂಗೆವ್ವನ ಕೈ ಹಿಡಿದುಕೊಂಡು, ಗಂಡನನ್ನು ನೋಡುತ್ತ ಹೇಳಿದರು.

"ಅದ್ನ ಕೆಳಗಿಕ್ಬ್ಯಾಡಿ. ನೀವೇ ಇಕ್ಕಳಿ. ನಿಮ್ ತಲೆಗೆ ಸರ್ಯಾಗಿ ಕೂತ್ಕತ್ತದೆ."

ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಮನೋಜ್ ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ. ಈ ಸಲ ಅವನಿಗೆ ಯಾವ ಪದದ ಅರ್ಥವನ್ನೂ ಯಾರನ್ನೂ ಕೇಳಬೇಕಾಗಲಿಲ್ಲ. ನಮ್ಮ ಸಂಘದ ಇತಿಹಾಸದಲ್ಲಿ ಮೊದಲ ಬಾರಿಗೆ ಅಧ್ಯಕ್ಷರು ಮೈಕ್ ಕೈಯಲ್ಲಿದ್ದೂ ಮಾತಾಡಲಿಲ್ಲ.